ಏನೂ ಇಲ್ಲದ ಕೆರೆ ತೋರಿಸಿದವಳು

ಜೊಂಡಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಕೆರೆಯಲ್ಲಿ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆದು ಮಾರುವುದು ಅವಳ ಕಸುಬು. ಅಮ್ಮನದೂ ಅದೇ ಆಗಿತ್ತು, ಅಜ್ಜಿಯದೂ ಅದೇ. ಕೆರೆ ದಂಡೆಯ ಬೀದಿಯಲ್ಲಿ ಆ ಕಸುಬಿನ ಮನೆಗಳು ಇನ್ನೂ ಹತ್ತಾರಿವೆ, ಆದರೂ ಜೊಂಡಕ್ಕ ಅಂದರೆ ಇವಳೊಬ್ಬಳೇ. ಮಿಕ್ಕವರು ಜೊಂಡು ಕೊಯ್ದು ಮನೆಗೆ ಹೋಗುತ್ತಾರೆ. ಇವಳು ಮನೆಗೆ ಹೋದ ಮೇಲೂ ಜೊಂಡಿನ ಮಾತೇ ಆಡುತ್ತಾಳೆ. ಮಾತು ಅಂದರೆ ಎಂಥ ಮಾತು! ಒಮ್ಮೆ ಶುರುವಾದರೆ ಒಲೆ ಮೇಲಿನ ಹಾಲು ಉಕ್ಕಿ, ಸುರಿದು, ತಳ ಹಿಡಿದು ಹೊಗೆ ಬಂದರೂ ನಿಲ್ಲುವುದಿಲ್ಲ. "ಇವಳು ಚಾಪೆ ಮಾರಿ ಹೊಟ್ಟೆ ತುಂಬಿಸ್ಕೊಳ್ಳಲ್ಲ, ನನ್ನ ತಲೆ ತಿಂದೇ ತುಂಬಿಸ್ಕೋತಾಳೆ" ಎಂದು ಗಂಡ ಬದುಕಿದ್ದಾಗ ಅನ್ನುತ್ತಿದ್ದ. ಅವನು ಹೋದ ಮೇಲೆ ಕೇಳುವ ಕಿವಿ ಒಂದು ಕಡಿಮೆಯಾಯಿತೇ ಹೊರತು ಮಾತೇನೂ ಕಡಿಮೆಯಾಗಲಿಲ್ಲ.

ಅವಳ ಮನೆಯ ಮುಂಗೋಣೆಯೇ ಕಾರ್ಖಾನೆ. ಗೋಡೆಗೆ ಒರಗಿಸಿದ ಜೊಂಡಿನ ಕಂತೆಗಳು, ಮೂಲೆಯಲ್ಲಿ ಕಡ್ಡಿ ನೆನೆಹಾಕುವ ಸಿಮೆಂಟಿನ ತೊಟ್ಟಿ, ನಡುವೆ ನೆಲಕ್ಕೆ ಬಿಗಿದ ಮರದ ಮಗ್ಗ. ಒಳಗೆ ಕಾಲಿಟ್ಟವರಿಗೆ ಮೊದಲು ಹಸಿ ಕೆರೆಯ ವಾಸನೆ ಬರುತ್ತದೆ, ಆಮೇಲೆ ಜೊಂಡಕ್ಕನ ದನಿ ಕೇಳುತ್ತದೆ. ಮಗ್ಗದ ಈ ಬದಿಗೆ ಅವಳು, ಆ ಬದಿಗೆ ಅವಳ ತಂಗಿ. ತಂಗಿ ಮಾತಾಡುವುದೇ ಅಪರೂಪ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಒಬ್ಬಳು ಇಬ್ಬರ ಪಾಲಿನ ಮಾತನ್ನೂ ದೋಚಿಕೊಂಡು ಬಂದಿದ್ದಾಳೆ ಎಂದು ಬೀದಿಯವರು ತಮಾಷೆ ಮಾಡುತ್ತಾರೆ.

ತಂಗಿ ಮೊದಲಿಂದ ಹೀಗಿದ್ದವಳಲ್ಲ. ಅವಳನ್ನು ಕೊಟ್ಟಿದ್ದು ಗುಡ್ಡದಾಚೆಯ ಕೆರೆಯ ಊರಿಗೆ. ಅಲ್ಲೂ ಜೊಂಡು, ಅಲ್ಲೂ ಚಾಪೆ, ಸಂಸಾರ ಸುಖವಾಗಿಯೇ ಇತ್ತು. ಅವಳ ಗಂಡ ಒಬ್ಬ ಜಂಬದ ಮನುಷ್ಯ. ಪಟ್ಟಣದಿಂದ ಹಕ್ಕಿ ನೋಡಲು ಯಾರಾದರೂ ಬಂದರೆ ಸಾಕು, ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಇಗೋ ಗೂಡು, ಅಗೋ ಮರಿ ಎಂದು ತನ್ನ ಮನೆಯ ಅಟ್ಟ ತೋರಿಸಿದ ಹಾಗೆ ಕೆರೆಯೆಲ್ಲ ತೋರಿಸುತ್ತಿದ್ದ. ನೋಡಿದವರು ಹೊಗಳಿದರು, ಫೋಟೋ ಹಿಡಿದರು, ಹೋದರು. ಮುಂದಿನ ವರ್ಷ ಆ ಕೆರೆಗೆ 'ಸಂರಕ್ಷಿತ' ಎಂಬ ಫಲಕ ಬಂತು, ಫಲಕದ ಹಿಂದೆಯೇ ಬೇಲಿ ಬಂತು. ಜೊಂಡು ಮುಟ್ಟಿದರೆ ದಂಡ. ಗಂಡ ಹೆಂಡತಿ ಕೆಲವು ವರ್ಷ ಅಲ್ಲೇ ಹೇಗೋ ಹಲ್ಲು ಕಚ್ಚಿಕೊಂಡಿದ್ದು, ಕೊನೆಗೆ ಜೊಂಡಕ್ಕನ ಹಿತ್ತಿಲ ಕೋಣೆಗೆ ಬಂದು ಸೇರಿದರು. ಅವನೀಗ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಾನೆ, ಜಂಬವೆಲ್ಲ ಇಳಿದುಹೋಗಿದೆ. ತನ್ನ ಬಾಯಿಂದಲೇ ಮನೆ ಮುಳುಗಿತು ಎಂದು ಅವನಿಗೆ ಗೊತ್ತು, ಬೀದಿಗೂ ಗೊತ್ತು.

ಹಾಗಾಗಿ, ಚಳಿ ಮುಗಿಯುತ್ತಿದ್ದ ಒಂದು ದಿನ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹುಡುಗಿಯೊಬ್ಬಳು ಬಂದಾಗ ಬೀದಿಯವರ ಕಿವಿ ನಿಮಿರಿತು. ಚಾಪೆ ಗೋದಾಮಿನಲ್ಲಿ ಎಲ್ಲರನ್ನೂ ಸೇರಿಸಿ ಅವಳು ತುಂಬಾ ಹೊತ್ತು ಮಾತಾಡಿದಳು. ಕೆರೆಯಲ್ಲಿ ಏನೇನಿದೆ ಎಂದು ಎಣಿಸಿ ವರದಿ ಕೊಡಬೇಕಂತೆ, ಲಾರಿ ನಿಲ್ಲಿಸುವ ಜಾಗದ ವಿಷಯ ಅಂತೆ, ಅದೂ ಇದೂ. ನಡುವೆ ಒಮ್ಮೆ 'ಸಂರಕ್ಷಿತ' ಎಂದಳು. ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ಹಿಂದಿನದೂ ಮುಂದಿನದೂ ಯಾರ ತಲೆಗೂ ಹೋಗಲಿಲ್ಲ. ಅವಳು ಆಚೆ ಹೋದ ಕೂಡಲೇ ತಂಗಿ ಎದ್ದು ನಿಂತಳು. ಅವಳು ಬಾಯಿ ತೆರೆದಳೆಂದರೆ ಬೀದಿ ಸುಮ್ಮನಾಗುತ್ತದೆ.

"ಯಾರೂ ಏನೂ ನೋಡಿಲ್ಲ" ಎಂದಳು. "ಇಲ್ಲಿ ಏನೂ ಇಲ್ಲ. ಅಷ್ಟೇ."

ಅದೇ ತೀರ್ಮಾನವಾಯಿತು. ಈಗ ಆ ದುರ್ಬೀನಮ್ಮನಿಗೆ ದೋಣಿ ನಡೆಸುವವರು ಯಾರು? ಎಲ್ಲರೂ ಜೊಂಡಕ್ಕನ ಮುಖ ನೋಡಿದರು. ಇರುವುದನ್ನು ತೋರಿಸುವುದು ಏನು ಮಹಾ ಕೆಲಸ, ಯಾರು ಬೇಕಾದರೂ ತೋರಿಸುತ್ತಾರೆ. ತುಂಬಿ ತುಳುಕುವ ಕೆರೆಯಲ್ಲಿ ಏನೂ ಇಲ್ಲ ಎಂದು ತೋರಿಸಬೇಕಾದರೆ, ಯಾವುದು ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಏಳುತ್ತದೆ, ಗಾಳಿ ಯಾವ ಕಡೆಗಿದ್ದರೆ ಯಾವುದು ಎಲ್ಲಿ ಕೂರುತ್ತದೆ ಎಂದು ಅಂಗೈ ಗೆರೆಯ ಹಾಗೆ ಗೊತ್ತಿರಬೇಕು. ಅಷ್ಟು ಗೊತ್ತಿದ್ದವಳು ಇವಳೊಬ್ಬಳೇ.

"ಆದ್ರೆ ಅಕ್ಕಾ, ಬಾಯಿ?" ಎಂದಳು ತಂಗಿ.

"ಬಾಯಿಗೆ ಬೀಗ ಹಾಕ್ಕೋತೀನಿ ಬಿಡೇ" ಎಂದಳು ಜೊಂಡಕ್ಕ. ಬೀದಿಯವರು ನಕ್ಕರು.

ಮುಖ್ಯವಾಗಿ ಬಚ್ಚಿಡಬೇಕಾಗಿದ್ದು ಅಳಿಯಂದಿರನ್ನು. ಅಳಿಯಂದಿರು ಅಂದರೆ ನೀರುನಾಯಿಗಳು. ದುಡಿಮೆ ಇಲ್ಲದೆ ಬರುತ್ತವೆ, ಒಳ್ಳೊಳ್ಳೆ ಮೀನನ್ನೇ ಆರಿಸಿ ತಿನ್ನುತ್ತವೆ, ಗಲಾಟೆ ಎಬ್ಬಿಸಿ ಹೋಗುತ್ತವೆ, ಆದರೂ ಯಾರೂ ಏನೂ ಅನ್ನುವ ಹಾಗಿಲ್ಲ. ಅದಕ್ಕೇ ಬೀದಿಯಲ್ಲಿ ಅವಕ್ಕೆ ಆ ಹೆಸರು. ಅವು ಪೂರ್ವದ ಬಂಡೆಗಳ ಕಡೆಗಿದ್ದರೆ ಜೊಂಡಕ್ಕ ದೋಣಿಯನ್ನು ಪಶ್ಚಿಮಕ್ಕೆ ತಿರುಗಿಸಿದಳು. ಬಾತುಗಳು ತೂಬಿನ ಬಳಿ ಇಳಿಯುವ ಹೊತ್ತಿಗೆ "ಅಲ್ಲಿ ಕೆಸರು ಜಾಸ್ತಿ, ದೋಣಿ ಹೂತುಹೋಗುತ್ತೆ" ಎಂದು ಸುತ್ತು ಹಾಕಿದಳು. ಒಮ್ಮೆ ಮಾತ್ರ ದಂಡೆಯ ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡು ದುರ್ಬೀನಮ್ಮ ಬಗ್ಗಿದಳು.

"ಇದೇನು ಜೊಂಡಕ್ಕ?"

"ಬೆಕ್ಕು. ನಮ್ಮನೇದೇ."

"ಇಷ್ಟು ಮೀನು ತಿನ್ನೋ ಬೆಕ್ಕಾ? ನಿಮಗೆ ಊಟಕ್ಕೆ ಮೀನು ಉಳಿಯುತ್ತಾ?"

"ಎಲ್ಲಿ ಉಳಿಯುತ್ತೆ! ಹಾಳಾದ್ದು ಒಂದು ಇಲಿ ಹಿಡಿಯಲ್ಲ, ಸುಮ್ನೆ ತಿಂದು ಹೋಗುತ್ತೆ" ಎಂದು ಜೊಂಡಕ್ಕ ಇಲ್ಲದ ಬೆಕ್ಕಿಗೆ ಬಾಯಿತುಂಬ ಬೈದಳು. ಹುಡುಗಿ ನಕ್ಕಳು.

ಇಷ್ಟೆಲ್ಲ ಸರಿ. ಆದರೆ ದಿನವಿಡೀ ಒಂದೇ ದೋಣಿಯಲ್ಲಿ ಎದುರುಬದುರು ಕೂತು ಬಾಯಿ ಮುಚ್ಚಿಕೊಂಡಿರುವುದು ಜೊಂಡಕ್ಕನಿಂದ ಆಗುವ ಕೆಲಸವೇ? ಮೊದಲ ದಿನ ತುಟಿ ಕಚ್ಚಿಕೊಂಡಳು. ಮರುದಿನ ಹೊಟ್ಟೆಯೊಳಗೆ ಮಾತು ಕುದಿಯತೊಡಗಿತು. ಹೇಳಬಾರದ್ದನ್ನು ಹೇಳಬಾರದು, ನಿಜ. ಹೇಳಿದರೆ ಏನೂ ಆಗದ ವಿಷಯ ಹೇಳಬಹುದಲ್ಲ? ಯೋಚಿಸಿ ಯೋಚಿಸಿ ಅವಳು ಗುಮ್ಮಗಪ್ಪೆಯನ್ನು ಆರಿಸಿಕೊಂಡಳು. ಕಪ್ಪೆಗಾಗಿ ಯಾರು ಬೇಲಿ ಹಾಕುತ್ತಾರೆ, ಬಿಡಿ!

ಗುಮ್ಮಗಪ್ಪೆ ಅನ್ನುವುದು ಜೊಂಡಿನೊಳಗಿಂದ ಬೆಳಗಿನ ಜಾವ, ಸಂಜೆ ಕೂಗುವ ಒಂದು ಪ್ರಾಣಿ. ಖಾಲಿ ಕೊಡದ ಬಾಯಿಗೆ ಯಾರೋ ಊದಿದ ಹಾಗೆ, ಗುಮ್, ಗುಮ್ ಎನ್ನುತ್ತದೆ. ಯಾರೂ ಕಣ್ಣಾರೆ ಕಂಡದ್ದಿಲ್ಲ. ನೀರಲ್ಲಿ ಕೂತು ಕೂಗುತ್ತದೆ, ದನಿ ಗಂಟಲಿನದು, ಅಂದ ಮೇಲೆ ಕಪ್ಪೆಯಲ್ಲದೆ ಮತ್ತೇನು? ಅಜ್ಜಿಯೂ ಕಪ್ಪೆ ಅಂದಳು, ಅಮ್ಮನೂ ಕಪ್ಪೆ ಅಂದಳು. ಆ ಕಪ್ಪೆಯ ಪುರಾಣ ಬಿಚ್ಚಿದ ಮೇಲೆ ಜೊಂಡಕ್ಕನನ್ನು ಹಿಡಿಯುವವರು ಯಾರು!

"ಈಗಷ್ಟೇ ಕೊಯ್ದ ಕಡೆ ಅದು ಕೂಗಲ್ಲಮ್ಮ, ತಲೆ ಮರೆಸ್ಕೊಳ್ಳೋಕೆ ಜಾಗ ಇರಲ್ವಲ್ಲ" ಎಂದಳು. "ಹಾಗಂತ ವರ್ಷಾನುಗಟ್ಟಲೆ ಬಿಟ್ಟ ಮುದಿ ಜೊಂಡಲ್ಲೂ ಕೂಗಲ್ಲ. ಅಲ್ಲಿ ಒಣಗಿದ್ದು ಬಿದ್ದು ಬಿದ್ದು ನೆಲ ಮೇಲೆ ಬಂದಿರುತ್ತೆ, ಕಾಲಿಗೆ ನೀರೇ ಸಿಗಲ್ಲ. ಕೊಯ್ದ ಮೇಲೆ ಮತ್ತೆ ಚಿಗುರುತ್ತಲ್ಲ, ಅದಕ್ಕೆ ನಾವು ಕೂಳೆ ಅಂತೀವಿ. ಎರಡು ಚಳಿ ಕಂಡ ಕೂಳೆ ಇರಬೇಕು. ಅಲ್ಲೇ ಅದರ ಸಂಸಾರ."

ದುರ್ಬೀನಮ್ಮ ನೋಟು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಸಾಮಾನ್ಯವಾಗಿ ಜೊಂಡಕ್ಕನ ಮಾತಿಗೆ ಜನ ಆಕಳಿಸುತ್ತಾರೆ. ಇವಳು ಕಣ್ಣರಳಿಸಿ, ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದಾಳೆ. ಜೊಂಡಕ್ಕ ಉಬ್ಬಿಹೋದಳು. ಕೊಯ್ಲಿನ ಸರದಿಯ ವಿಷಯ ಹೇಳಿದಳು, ಈ ವರ್ಷ ಈ ಪಟ್ಟಿ ಕೊಯ್ದರೆ ಮುಂದಿನ ವರ್ಷ ಆ ಪಟ್ಟಿ, ಇದನ್ನು ಮತ್ತೆ ಮುಟ್ಟಬೇಕಾದರೆ ಮೂರು ಚಳಿ ಕಾಯಬೇಕು ಎಂದಳು. ಸರದಿ ತಿರುಗಿದ ಹಾಗೆ ಕಪ್ಪೆಯೂ ಮನೆ ಬದಲಾಯಿಸುತ್ತದೆ, ಬಾಡಿಗೆ ಮನೆಯವರ ಹಾಗೆ, ಎಂದೂ ಸೇರಿಸಿದಳು.

"ಆ ಎರಡು ಚಳಿಯ ಕೂಳೆ ಈಗ ಎಲ್ಲಿದೆ? ನಾಳೆ ಬೆಳಗ್ಗೆ ಅಲ್ಲಿಗೆ ಹೋಗೋಣ್ವಾ?"

ಅದು ಪಶ್ಚಿಮದ ತಿರುವಿನಲ್ಲಿತ್ತು, ಅಳಿಯಂದಿರಿಂದ ಬಹಳ ದೂರ. ಅಲ್ಲಿ ಏನೂ ಇಲ್ಲ ಎಂದು ಜೊಂಡಕ್ಕನಿಗೆ ಖಾತ್ರಿ. "ಹೋಗೋಣ ಅದಕ್ಕೇನಂತೆ" ಎಂದಳು.

ಮರುದಿನ ಬೆಳಗ್ಗೆ ನೀರ ಮೇಲೆ ಇನ್ನೂ ಮಂಜಿತ್ತು. ಜೊಂಡಕ್ಕ ಹುಟ್ಟು ಎತ್ತಿ ಇಟ್ಟು ದೋಣಿಯನ್ನು ತಾನಾಗಿ ತೇಲಲು ಬಿಟ್ಟಳು. ಗುಮ್ ಎಂದಿತು, ಹತ್ತಿರದಲ್ಲೇ. ದುರ್ಬೀನಮ್ಮ ಅವಳ ಮೊಣಕೈ ಹಿಡಿದು ಬೆರಳು ತೋರಿಸಿದಳು. ಜೊಂಡಿನ ನಡುವೆ ಒಂದು ಜೊಂಡು ಮಾತ್ರ ಕೊಂಚ ದಪ್ಪಗಿತ್ತು. ಅದಕ್ಕೆ ಕಣ್ಣಿತ್ತು. ಕಂದು ಗೆರೆಯ ಮೈ, ಆಕಾಶಕ್ಕೆ ನೆಟ್ಟಗೆ ಚಾಚಿದ ಕೊಕ್ಕು, ಗಾಳಿಗೆ ಜೊಂಡು ಎಷ್ಟು ವಾಲಿದರೆ ಅದೂ ಅಷ್ಟೇ ವಾಲುತ್ತಿತ್ತು. ಆಮೇಲೆ ಕತ್ತು ಕೆಳಗಿಳಿಸಿ, ಗಂಟಲು ಊದಿಸಿ, ಜೊಂಡಕ್ಕನ ಕಣ್ಣೆದುರೇ ಗುಮ್ ಎಂದಿತು.

"ಅಯ್ಯಯ್ಯೋ! ಕಪ್ಪೆಗೆ ರೆಕ್ಕೆ!" ಎಂದು ಜೊಂಡಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಕೊಕ್ಕರೆ ಕುಲದ್ದು ಅಕ್ಕ" ಎಂದು ಪಿಸುಗುಟ್ಟಿದ ಹುಡುಗಿಯ ಕಣ್ಣಲ್ಲಿ ನೀರಾಡುತ್ತಿತ್ತು. "ಎಷ್ಟೋ ಕೆರೆಗಳಿಂದ ಮಾಯವಾಗಿ ಹೋಗಿದೆ. ನಾನು ಇದನ್ನ ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ನೀವು ಹೇಳದಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಹಕ್ಕಿಯನ್ನು ನೋಡಿ ಅರಳಿದ್ದ ಜೊಂಡಕ್ಕನ ಎದೆ ಆ ಮಾತಿಗೆ ಧಸಕ್ಕೆಂದಿತು. ನೀರುನಾಯಿ ಬಚ್ಚಿಟ್ಟಳು, ಬಾತು ಬಚ್ಚಿಟ್ಟಳು, ಇಲ್ಲದ ಬೆಕ್ಕನ್ನು ಸಾಕಿದಳು. ಕೊನೆಗೆ ಎಲ್ಲಕ್ಕಿಂತ ಅಪರೂಪದ್ದನ್ನು ತಾನೇ ಕೈಹಿಡಿದು ಕರೆತಂದು ಒಪ್ಪಿಸಿದಳು. ಬೀದಿಯ ಅನ್ನ, ತಂಗಿಗೆ ಉಳಿದಿದ್ದ ಒಂದೇ ಆಸರೆ, ಎಲ್ಲ ಅವಳ ಬಾಯಿಂದಲೇ ಹೋದ ಹಾಗಾಯಿತು.

"ಇನ್ನು ಬೇಲಿ ಹಾಕ್ತೀರಿ, ಅಲ್ವಾ?" ಎಂದಳು ಹುಟ್ಟು ಹಿಡಿದು.

ಹುಡುಗಿ ದುರ್ಬೀನು ಕೆಳಗಿಟ್ಟಳು. "ನಾನು ಮೊದಲನೇ ದಿನವೇ ಹೇಳಿದ್ದೆನಲ್ಲ ಅಕ್ಕ? ಕೆರೆಯಲ್ಲಿ ಏನೂ ಇಲ್ಲ ಅಂತಾದ್ರೆ ಅರ್ಧ ಕೆರೆಗೆ ಮಣ್ಣು ತುಂಬಿ ಲಾರಿ ನಿಲ್ಲಿಸೋಕೆ ಕೊಡ್ತಾರೆ. ಈ ಹಕ್ಕಿ ಇದೆ ಅಂತಾದ್ರೆ ಲಾರಿ ಬರಲ್ಲ. ಆದ್ರೆ ಬೇಲಿ ವಿಷಯ ನನ್ನ ಕೈಲಿಲ್ಲ. ಸುಳ್ಳು ಹೇಳಲ್ಲ, ಇಂಥ ಹಕ್ಕಿ ಸಿಕ್ಕ ಕಡೆ ಸಾಮಾನ್ಯವಾಗಿ ಯಾರನ್ನೂ ಒಳಗೆ ಬಿಡಲ್ಲ. ಕೊಯ್ದ ಕೂಳೆಯಲ್ಲೇ ಇರುತ್ತೆ ಅಂತ ನೀವು ಹೇಳಿದ್ದನ್ನೂ ಬರೀತೀನಿ. ಒಪ್ತಾರೋ ಬಿಡ್ತಾರೋ ಗೊತ್ತಿಲ್ಲ."

ಲಾರಿ! ಜೊಂಡಕ್ಕ ಹಣೆ ಚಚ್ಚಿಕೊಂಡಳು. ಬಚ್ಚಿಟ್ಟಿದ್ದರೂ ಕೆರೆ ಹೋಗುತ್ತಿತ್ತು, ತೋರಿಸಿದ್ದಕ್ಕೂ ಹೋಗಬಹುದು. ದಂಡೆ ಸೇರುವ ತನಕ ಅವಳು ಒಂದು ಮಾತೂ ಆಡಲಿಲ್ಲ. ಅವಳ ಜನ್ಮದಲ್ಲಿ ಅಂಥ ಪ್ರಯಾಣ ಅದೊಂದೇ ಇರಬೇಕು.

ಮನೆಗೆ ಬಂದು ಮಗ್ಗದ ಮುಂದೆ ಕೂತು ತಂಗಿಗೆ ಎಲ್ಲ ಹೇಳಿದಳು, ಲಾರಿಯ ವಿಷಯವನ್ನೂ ಹೇಳಿದಳು. ತಂಗಿ ಕೈಯಲ್ಲಿದ್ದ ಕಡ್ಡಿಯನ್ನು ತೊಟ್ಟಿಗೆ ಎಸೆದಳು.

"ನನ್ನ ಗಂಡನೂ ಹೀಗೇ ಬಾಯಿ ಬಿಟ್ಟಿದ್ದು. ನಿನಗೆ ಗೊತ್ತಿರ್ಲಿಲ್ವಾ? ನಾವಿಬ್ರೂ ನಿನ್ನ ಕಣ್ಮುಂದೇ ಇರ್ಲಿಲ್ವಾ?"

"ಕಪ್ಪೆ ಅಂದ್ಕೊಂಡೆ ಕಣೇ."

"ಏನಂದ್ಕೊಂಡ್ರೇನು! ಅವ್ರು ಲಾರಿ ಬಿಡ್ಲಿ, ಬೇಲಿ ಹಾಕ್ಲಿ, ನಮಗೆ ಎರಡೂ ಒಂದೇ. ಇಲ್ಲಿಂದ ಎಬ್ಬಿಸಿದ್ರೆ ಮತ್ತೆ ಯಾರ ಹಿತ್ತಿಲಿಗೆ ಹೋಗ್ಲಿ ನಾನು?"

ಅಂದಿನಿಂದ ತಂಗಿ ಮಗ್ಗದ ಆ ಬದಿಗೆ ಕೂರುವುದನ್ನು ಬಿಟ್ಟಳು. ಹಿತ್ತಿಲಲ್ಲಿ ಒಬ್ಬಳೇ ಕೂತು ಕಡ್ಡಿ ಸೀಳುತ್ತಿದ್ದಳು. ಬೀದಿಯವರೂ ಮೂತಿ ತಿರುಗಿಸಿದರು. ನಲ್ಲಿಯ ಬಳಿ ಜೊಂಡಕ್ಕ ಬಂದರೆ ಮಾತು ನಿಲ್ಲುತ್ತಿತ್ತು. ಮಾತಿಲ್ಲದೆ ಬದುಕಲಾರದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ? ಒಬ್ಬಳೇ ಚಾಪೆ ಹೆಣೆಯುತ್ತ ಅಂಚು ಸೊಟ್ಟ ಮಾಡಿದಳು, ಬಿಚ್ಚಿದಳು, ಮತ್ತೆ ಸೊಟ್ಟ ಮಾಡಿದಳು.

ಬೇಸಿಗೆ ಶುರುವಾಗುವ ಹೊತ್ತಿಗೆ, ದುರ್ಬೀನಮ್ಮನ ವರದಿ ಓದಿದ ದೊಡ್ಡ ಸಾಹೇಬರು ಬಂದರು. ಅದೇ ಗೋದಾಮಿನಲ್ಲಿ ಸಭೆ. ಸಾಹೇಬರು ತಲೆ ನರೆತ, ಸಾವಧಾನದ ಮನುಷ್ಯ. ಲಾರಿ ವಿಷಯ ಮುಗಿಯಿತು, ಹಕ್ಕಿ ಸಿಕ್ಕಿದೆ, ಇನ್ನು ಕೆರೆಗೆ ಮಣ್ಣು ಬೀಳುವುದಿಲ್ಲ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಮುಂದಿನ ಮಾತಿಗೆ ಕಾಯುತ್ತಿದ್ದರು.

"ಕೊಯ್ಲು ನಿಲ್ಲಿಸಬಾರದು ಅಂತ ಈ ಹುಡುಗಿ ಬರೆದಿದಾಳೆ" ಎಂದರು ಸಾಹೇಬರು. "ಕೊಯ್ದ್ರೇನೇ ಹಕ್ಕಿ ಇರುತ್ತೆ ಅಂತ. ಇವಳದು ಒಂದು ಋತುವಿನ ಓಡಾಟ, ಜೊಂಡಕ್ಕ ಅನ್ನೋವ್ರು ಹೇಳಿದ ಮಾತು. ನಾನು ಇಲ್ಲ ಅಂತಿಲ್ಲ. ಆದ್ರೆ ಕೊಯ್ಲು ನಿಲ್ಲಿಸಿದ್ರೆ ಏನಾಗುತ್ತೆ ಅಂತ ನೋಡಿದವ್ರು ಯಾರಿದಾರೆ? ಗುಡ್ಡದಾಚೆ ಕೆರೆಯಲ್ಲಿ ನಿಲ್ಲಿಸಿದ್ವಿ. ಅಲ್ಲಿ ಈ ಹಕ್ಕಿ ಇತ್ತೋ ಇಲ್ಲವೋ ನಮಗೆ ಗೊತ್ತಿಲ್ಲ, ಆಗ ಯಾರೂ ಎಣಿಸಿರಲಿಲ್ಲ. ಗೊತ್ತಿಲ್ಲದಾಗ ಮುಟ್ಟದೆ ಬಿಡೋದೇ ಕ್ಷೇಮ ಅಂತ ನಮ್ಮ ಪದ್ಧತಿ."

ಜೊಂಡಕ್ಕ ಹಿಂದೆ ತಿರುಗಿ ನೋಡಲಿಲ್ಲ. ಬಾಗಿಲ ಬಳಿ ಕಂತೆಗಳಿಗೆ ಒರಗಿ ತಂಗಿ ನಿಂತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಬೇಲಿ ಬಂದ ಮೇಲೂ ಆ ಕೆರೆ ದಂಡೆಯಲ್ಲಿ ಬಾಳಿದವಳು ಅವಳು, ಅಲ್ಲಿ ಏನಾಯಿತು ಹೇಳೇ ಎನ್ನಲು ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು? ಸೆರಗಿನ ಅಂಚನ್ನು ಹಿಂಡುತ್ತ ಕೂತಳು.

"ಇತ್ತು" ಎಂಬ ದನಿ ಹಿಂದಿನಿಂದ ಬಂತು.

ಎಲ್ಲರೂ ತಿರುಗಿದರು. ತಂಗಿ ಮುಂದೆ ಬರಲಿಲ್ಲ, ನಿಂತಲ್ಲೇ ಹೇಳಿದಳು.

"ಗುಮ್ಮಗಪ್ಪೆ ಅಲ್ಲೂ ಇತ್ತು ಸಾರ್. ನಮ್ಮನೆ ದಂಡೆ ಮೇಲೇ ಇದ್ದಿದ್ದು, ದಿನಾ ಅದರ ಕೂಗಿಗೇ ಎದ್ದೇಳ್ತಿದ್ವಿ. ಬೇಲಿ ಹಾಕಿದ ವರ್ಷ ಕೂಗ್ತು. ಮಾರನೇ ವರ್ಷ ಇನ್ನೂ ಜೋರಾಗಿ ಕೂಗ್ತು, ಬಡ್ಡಿಮಗಂದು, ನಮ್ಮನ್ನ ಓಡಿಸಿ ತಾನು ಸುಖವಾಗಿದೆ ಅಂತ ಬೈದೆ. ಆಮೇಲೆ ಜೊಂಡು ಬೆಳೀತು, ಬೆಳೀತು, ಒಣಗಿ ಮೇಲ್ಮೇಲೆ ಬಿತ್ತು. ನೀರಿದ್ದ ಕಡೆ ನಾಯಿ ನಡೆದು ಹೋಗೋ ಹಾಗಾಯ್ತು. ಕೂಗು ಕಮ್ಮಿ ಆಯ್ತು. ಒಂದು ವರ್ಷ ಒಂದೇ ಒಂದು ಕೂಗ್ತಿತ್ತು. ಅದರ ಮಾರನೇ ವರ್ಷ ಸಂಜೆ ಹೊತ್ತು ಬೇಲಿ ಹಿಡ್ಕೊಂಡು ನಿಂತೆ. ಕೂಗ್ಲಿಲ್ಲ. ನನಗೆ ಕಿವಿ ಮಂದ ಆಯ್ತೇನೋ ಅಂತ ಗಂಡನ್ನ ಕೇಳ್ದೆ, ನಿನಗೆ ಕೇಳ್ತಾ ಅಂತ. ಅವ್ನೂ ಇಲ್ಲ ಅಂದ. ಅಲ್ಲಿ ತನಕ ಹೇಗೋ ಇದ್ವಿ ಸಾರ್. ಅವತ್ತು ಗಂಟು ಕಟ್ಟಿದ್ವಿ."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ಬೀದಿಯವರು ಕೇಳಿಯೇ ಇರಲಿಲ್ಲ. ಜೊಂಡಕ್ಕನಿಗೂ ಇದೇನೂ ಗೊತ್ತಿರಲಿಲ್ಲ. ತಾನು ಮಾತಾಡುವ ಭರದಲ್ಲಿ ಕೇಳಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಈಗ ಹೊಳೆಯಿತು. ದುರ್ಬೀನಮ್ಮ ಸಾಹೇಬರ ಮುಖವನ್ನೇ ನೋಡುತ್ತಿದ್ದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಇದನ್ನ ನಾವು ಆಗಲೇ ಬಂದು ಕೇಳಬೇಕಿತ್ತು" ಎಂದರು.

ಸಾಹೇಬರು ಊಟದ ಹೊತ್ತು ಮೀರಿದರೂ ಏಳಲಿಲ್ಲ, ಸರದಿ ಹೇಗೆ, ಪಟ್ಟಿ ಹೇಗೆ ಎಂದು ಕೂಲಂಕಷವಾಗಿ ಕೇಳಿದರು. ಕೊನೆಗೆ ತೀರ್ಮಾನವಾಯಿತು. ಕೆರೆ ಸಂರಕ್ಷಿತ, ಬೇಲಿ ಇಲ್ಲ, ಕೊಯ್ಲು ಬೀದಿಯವರದೇ, ಸರದಿಯೂ ಅವರದೇ. ಹಕ್ಕಿ ಕೂಗುವ ಕಾಲದಲ್ಲಿ ಮಾತ್ರ ಆ ಕೂಳೆಯೊಳಗೆ ಕುಡುಗೋಲು ಇಳಿಸುವಂತಿಲ್ಲ. ಆ ಕಾಲದಲ್ಲಿ ಯಾರು ಇಳಿಸುತ್ತಿದ್ದರು? ಕೊಯ್ಲೇನಿದ್ದರೂ ಚಳಿಯಲ್ಲಿ, ಆಗಿನ ಎಳಸು ಜೊಂಡಿನಿಂದ ಚಾಪೆಯಾಗುತ್ತದೆಯೇ? ಬೀದಿಯವರು ನಗು ತಡೆದುಕೊಂಡು ಗಂಭೀರವಾಗಿ ತಲೆಯಾಡಿಸಿದರು. ಮೇಲಿನವರ ಅಪ್ಪಣೆ ಬರುವ ತನಕ ಉಸಿರು ಬಿಗಿಹಿಡಿದು ಕಾದರು. ಬಂತು. ಅವತ್ತು ಬೀದಿಗೇ ಹೋದ ಜೀವ ಬಂದಂತಾಯಿತು. ನಲ್ಲಿಯ ಬಳಿ ಜೊಂಡಕ್ಕ ಮತ್ತೆ ಬಾಯಿ ತೆರೆದಳು, ಮುಚ್ಚಿಸಲು ಯಾರಿಗೂ ಮನಸ್ಸಾಗಲಿಲ್ಲ. ನೀರುನಾಯಿಗಳನ್ನೂ ದುರ್ಬೀನಮ್ಮನಿಗೆ ತೋರಿಸಿದಳು. "ಇವೇನಾ ನಿಮ್ಮ ಬೆಕ್ಕು?" ಎಂದು ಹುಡುಗಿ ಕೇಳಿದ್ದಕ್ಕೆ ದೋಣಿ ಅಲುಗುವ ಹಾಗೆ ನಕ್ಕಳು.

ತಂಗಿ ಮಗ್ಗದ ಆ ಬದಿಗೆ ಮರಳಿ ಬಂದು ಕೂತಳು. ಆದರೆ ಬಹಳ ದಿನ ಕೂರಲಿಲ್ಲ. ಚಳಿ ಶುರುವಾಗುವ ಮುಂಚೆ ಸಾಹೇಬರ ಕಡೆಯಿಂದ ಒಬ್ಬ ಬಂದ. ಗುಡ್ಡದಾಚೆಯ ಕೆರೆಯಲ್ಲಿ ಒಂದು ಪಟ್ಟಿ ಕೊಯ್ದು ನೋಡಬೇಕಂತೆ, ಎಲ್ಲಿಂದ ಶುರು ಮಾಡಬೇಕೆಂದು ತಿಳಿದವರು ಅಲ್ಲಿ ಯಾರೂ ಉಳಿದಿಲ್ಲವಂತೆ, ಬೇಲಿಯ ಬಾಗಿಲು ತೆರೆಸುತ್ತಾರಂತೆ, ಬರುತ್ತೀರಾ ಎಂದು ಕೇಳಿದ. ತಂಗಿ ಯೋಚಿಸಿ ಹೇಳುತ್ತೇನೆ ಎಂದಳು. ಅವನು ಬೀದಿ ತಿರುವು ದಾಟುವ ಮುಂಚೆಯೇ ಸುದ್ದಿ ಮುಟ್ಟಿ ಅವಳ ಗಂಡ ಡಿಪೋದಿಂದ ಓಡಿಬಂದ. ಹಿತ್ತಿಲ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಅತ್ತಿದ್ದು ಮುಂಗೋಣೆಗೆ ಕೇಳಿಸಿತು.

ಹೊರಡುವ ದಿನ ಜೊಂಡಕ್ಕ ಬೆಳಗಿನಿಂದ ಅದು ತಗೊಂಡು ಹೋಗು, ಇದು ತಗೊಂಡು ಹೋಗು ಎಂದು ಗದರುತ್ತಲೇ ಇದ್ದಳು. ಗಂಟುಗಳೆಲ್ಲ ಗಾಡಿ ಏರಿದವು. ತಂಗಿ ಬಂದು ಅವಳ ಕೈ ಹಿಡಿದುಕೊಂಡಳು.

"ಕೂಗಿದ್ರೆ ಹೇಳಿಕಳಿಸ್ತೀನಿ ಅಕ್ಕಾ."

"ಕೂಗುತ್ತೆ ಕಣೇ. ಎರಡು ಚಳಿ ಕಳೀಲಿ, ಕೂಗದೆ ಎಲ್ಲಿಗೆ ಹೋಗುತ್ತೆ" ಎಂದಳು ಜೊಂಡಕ್ಕ. ಸೆರಗಿನಿಂದ ಮೂಗೊರೆಸಿಕೊಂಡು, "ಹೋಗು, ಹೋಗು. ನಿನ್ನ ಗಂಡನ ಗೊರಕೆ ಇನ್ನಾದ್ರೂ ತಪ್ಪಿತು ನನಗೆ" ಎಂದು ಗಾಡಿಯ ಕಡೆಗೆ ಅವಳನ್ನು ಮೆಲ್ಲಗೆ ನೂಕಿದಳು.